ಕಪಿಲೆ ತುಂಬಿದ ಮಳೆಗಾಲದ ಉತ್ತರಗಳು

ಮೊನ್ನೆ ಸಂಜೆ ಕುವೆಂಪುನಗರದಲ್ಲಿ ಮಗಳ ಚಪ್ಪಲಿ ಹೊಲಿಸಲು ಗಾಡಿ ನಿಲ್ಲಿಸಿದ್ದೆ. ಮೋಡ ಕವಿದು, ಮಳೆ ಈಗ ಬಿತ್ತು ಆಗ ಬಿತ್ತು ಅನ್ನುವ ಹಾಗಿತ್ತು. ಎದುರಿನ ಬೇಕರಿಯಲ್ಲಿ ಒಲೆಯಿಂದ ಖಾರದ ಬನ್ನಿನ ತಟ್ಟೆ ಹೊರಗೆಳೆದರು. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಬೆಂದ ಬಿಸಿ ವಾಸನೆ ರಸ್ತೆ ದಾಟಿ ಬಂದು ಮೂಗಿಗೆ ಹೊಡೆಯಿತು. ಅಷ್ಟಕ್ಕೇ ನನ್ನ ಎದೆ ಡವಡವ ಅನ್ನತೊಡಗಿತು. ಭಯಕ್ಕಲ್ಲ, ಖುಷಿಗೆ. ಕೈಯಲ್ಲಿ ಒಂಟಿ ಚಪ್ಪಲಿ ಹಿಡಿದುಕೊಂಡು, ಬೇಕರಿಯ ಮೇಲಿನ ಕೋಣೆಯ ಕಿಟಕಿ ನೋಡುತ್ತ ನಿಂತುಬಿಟ್ಟೆ. ಈಗ ಅಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸುತ್ತಾರಂತೆ. ಆ ವರ್ಷ ಅದು ನಮ್ಮ ಆಫೀಸಾಗಿತ್ತು.

ಆಗ ನನಗೆ ಮೂವತ್ತೊಂಬತ್ತು. ಡಿಗ್ರಿಯಲ್ಲಿ ಕಂಪ್ಯೂಟರ್ ಓದಿದ್ದೆ. ಮದುವೆಯಾಯಿತು, ಮಗಳು ಹುಟ್ಟಿದಳು, ಅತ್ತೆಯ ಮಂಡಿ ಆಪರೇಷನ್ ಆಯಿತು, ಓದಿದ್ದೆಲ್ಲ ಮರೆತೂ ಹೋಯಿತು. ಮಗಳು ಹೈಸ್ಕೂಲಿಗೆ ಹೋಗತೊಡಗಿದ ಮೇಲೆ ಮಧ್ಯಾಹ್ನದ ಹೊತ್ತು ಖಾಲಿ ಸಿಕ್ಕಿತು. ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅಂತರ್ಜಾಲದ ಪಾಠ ನೋಡಿ ಮತ್ತೆ ಮೊದಲಿನಿಂದ ಕಲಿತೆ. ಕೆಲಸಕ್ಕೆ ಅರ್ಜಿ ಹಾಕಿದ ಕಡೆಯೆಲ್ಲ ನಡುವೆ ಬಿಟ್ಟುಹೋದ ವರ್ಷಗಳ ಬಗ್ಗೆಯೇ ಪ್ರಶ್ನೆ. ಕೊನೆಗೆ ಕರೆದವರು ರುದ್ರೇಶ್ ಸರ್. ಕಾಲೇಜಿನಲ್ಲಿ ಪಾಠ ಹೇಳುವುದನ್ನು ಬಿಟ್ಟು ಸ್ವಂತ ಕಂಪನಿ ಮಾಡಿದ್ದರು. ಕಂಪನಿ ಅಂದರೆ ಅವರು, ರಾಜೀವನಗರದ ನಜ್ನೀನ್ ಅನ್ನುವ ಹುಡುಗಿ, ಒಂದು ಹಳೆಯ ಕಂಪ್ಯೂಟರು ಮತ್ತು ಬೇಕರಿ ಒಲೆಯ ಶಾಖಕ್ಕೆ ಮಧ್ಯಾಹ್ನವಾದರೆ ಬೆಚ್ಚಗಾಗುವ ಒಂದು ಗೋಡೆ.

"ಇಷ್ಟು ವರ್ಷ ಏನು ಮಾಡ್ತಿದ್ರಿ?" ಸರ್ ಕೂಡ ಅದನ್ನೇ ಕೇಳಿದರು.

"ಮನೆ ನೋಡ್ಕೊಳ್ತಿದ್ದೆ ಸರ್."

ಮೂಲೆಯಲ್ಲಿ ತಲೆ ತಗ್ಗಿಸಿ ಟೈಪ್ ಮಾಡುತ್ತಿದ್ದ ನಜ್ನೀನ್ ತಲೆ ಎತ್ತಿದಳು. "ಹಂಗಾದ್ರೆ ನಾಲ್ಕು ಜನ ಒಟ್ಟಿಗೆ ಕೇಳಿದ್ರೂ ನಾಲ್ಕು ಜನಕ್ಕೂ ಉತ್ತರ ಕೊಟ್ಟು ಅಭ್ಯಾಸ ಇದೆ ಅಂತಾಯ್ತು. ತಗೊಳ್ಳಿ ಸರ್, ಸರ್ವರ್ ಕೆಲಸಕ್ಕೆ ಇಂಥವರೇ ಬೇಕು."

ಸರ್ ನಕ್ಕುಬಿಟ್ಟರು. ಮಳೆಗಾಲ ಮುಗಿಯುವವರೆಗೆ ನೋಡೋಣ, ಆಮೇಲೆ ಕಾಯಂ ಮಾಡುವ ಮಾತು ಅಂದರು. ನನಗಿಂತ ಹದಿಮೂರು ವರ್ಷ ಚಿಕ್ಕವಳಾದ ನಜ್ನೀನ್ ನನಗೆ ಗುರುವಾದಳು. ನನ್ನನ್ನು ಅಕ್ಕ ಅನ್ನುತ್ತಲೇ, ನಾನು ಬರೆದದ್ದು ಸರಿಯಿಲ್ಲದಿದ್ದರೆ ಮುಲಾಜಿಲ್ಲದೆ ಅಳಿಸುತ್ತಿದ್ದಳು.

ಆಗ ಕೈಗೆ ಬಂದಿದ್ದ ಕೆಲಸ ಉದಯಗಿರಿಯ ಕಡೆ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಡಯಾಲಿಸಿಸ್ ಕೇಂದ್ರದ್ದು. ಕಿಡ್ನಿ ಕೆಲಸ ಮಾಡದವರ ರಕ್ತವನ್ನು ಯಂತ್ರದಿಂದ ಶುದ್ಧ ಮಾಡುವ ಜಾಗ ಅದು. ವಾರಕ್ಕೆ ಎರಡು ಮೂರು ಸಲ ಬರಲೇಬೇಕು, ಬಂದರೆ ಗಂಟೆಗಟ್ಟಲೆ ಯಂತ್ರದ ಪಕ್ಕ ಇರಬೇಕು. ಯಂತ್ರಗಳು ಕಡಿಮೆ, ಜನ ಜಾಸ್ತಿ. ಊರುಗಳಿಂದ ಎರಡು ಬಸ್ಸು ಹತ್ತಿ ಬಂದವರು, ಇವತ್ತು ಯಂತ್ರ ರಿಪೇರಿಯಲ್ಲಿದೆ ಅಂತ ಗೊತ್ತಾಗಿ ವಾಪಸ್ ಹೋಗುವುದಿತ್ತು. ಇನ್ನೊಂದು ಕಡೆ ಯಾರೋ ಬರದೆ ಯಂತ್ರ ಸುಮ್ಮನೆ ನಿಂತಿರುವುದೂ ಇತ್ತು. ಅಲ್ಲಿನ ಹಿರಿಯ ನರ್ಸ್ ಲೀಲಾ ಸಿಸ್ಟರ್ ಬೇಡಿಕೆ ಸರಳವಾಗಿತ್ತು: ರೋಗಿಯ ಮನೆಯವರು ಫೋನಿನಲ್ಲೇ ತಮ್ಮ ಸರದಿ ಎಷ್ಟು ಹೊತ್ತಿಗೆ ಅಂತ ಕೇಳಿ ತಿಳಿದುಕೊಳ್ಳಬೇಕು. ಬರಲಾಗದಿದ್ದರೆ ಒಂದು ಗುಂಡಿ ಒತ್ತಿ ತಿಳಿಸಬೇಕು. ಖಾಲಿಯಾದ ಹೊತ್ತು ಕಾಯುತ್ತಿರುವ ಇನ್ನೊಬ್ಬರಿಗೆ ಹೋಗಬೇಕು.

ಕೇಂದ್ರದ ಕೆಲಸವನ್ನು ನಮಗಿಂತ ಮುಂಚೆ ಬೇರೆ ಯಾರೋ ಅರ್ಧ ಮಾಡಿ ಬಿಟ್ಟಿದ್ದರು. ಅದರಲ್ಲಿ ಸರಿಯಿದ್ದದ್ದನ್ನು ಉಳಿಸಿಕೊಂಡು ಮಿಕ್ಕದ್ದನ್ನು ನಾವು ಬರೆಯಬೇಕಿತ್ತು. ನನ್ನ ಪಾಲಿಗೆ ಬಂದದ್ದು ಸರದಿ ಕೇಳುವವರಿಗೆ ಉತ್ತರ ಕೊಡುವ ಭಾಗ.

"ಫೋನಿಂದ ಒಂದು ಕೋರಿಕೆ ಬರತ್ತೆ ಅಕ್ಕ," ನಜ್ನೀನ್ ಹೇಳಿಕೊಟ್ಟಳು. "ಯಾರು ಕೇಳ್ತಿದ್ದಾರೆ ನೋಡು. ಕೇಳೋ ಹಕ್ಕು ಅವರಿಗಿದೆಯಾ ನೋಡು. ಏನು ಬೇಕಂತೆ ನೋಡು. ಇದ್ರೆ ಕೊಡು, ಇಲ್ದಿದ್ರೆ ಇಲ್ಲ ಅನ್ನು. ನಿನ್ನದೇ ತಲೆ ಕೆಟ್ಟಿದ್ರೆ ಕೆಟ್ಟಿದೆ ಅಂತಾದ್ರೂ ಹೇಳು. ಏನೂ ಹೇಳ್ದೆ ಮಾತ್ರ ಇರಬೇಡ. ಆ ಕಡೆ ಒಬ್ಬರು ಕಾಯ್ತಾ ಇರ್ತಾರೆ."

ಮೊದಲ ಸಲ ಅದು ಕೆಲಸ ಮಾಡಿದ ದಿನ ಹೊರಗೆ ಜಡಿಮಳೆ. ಪರೀಕ್ಷೆಗೆ ಆ ಹಳೆಯ ಕಂಪ್ಯೂಟರನ್ನೇ ಕೋರಿಕೆಗಳಿಗೆ ಉತ್ತರ ಕೊಡುವ ಸರ್ವರ್ ಮಾಡಿಟ್ಟಿದ್ದೆವು. ನಾನು ಫೋನ್ ಹಿಡಿದು ಮೆಟ್ಟಿಲಿಳಿದು, ಬೇಕರಿಯ ತಗಡಿನ ಸೂರಿನ ಕೆಳಗೆ ನಿಂತು ಗುಂಡಿ ಒತ್ತಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪರದೆಯ ಮೇಲೆ ಕನ್ನಡದಲ್ಲಿ, ನಾನೇ ಬರೆದ ವಾಕ್ಯ ಬಂತು: "ನಿಮ್ಮ ಸರದಿ ಬೆಳಿಗ್ಗೆ ಹತ್ತು ಗಂಟೆಗೆ. ನಾಲ್ಕನೇ ಯಂತ್ರ."

ಮೇಲಿನ ಕಿಟಕಿಯಿಂದ ನಜ್ನೀನ್ ಕೂಗಿದಳು: "ಬಂತಾ ಅಕ್ಕಾ?"

"ಬಂತು ಕಣೇ! ಬಂತು!"

ಬನ್ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಬೇಕರಿಯ ಮಂಜಣ್ಣ, "ಏನಮ್ಮ, ಲಾಟರಿ ಹೊಡೀತಾ?" ಅಂದರು. ನಾನು ಅವರಿಗೂ ಫೋನ್ ಚಾಚಿ ತೋರಿಸಿದೆ. ನಾಲ್ಕನೇ ಯಂತ್ರ ಅಂದರೆ ಏನೆಂದು ಅವರಿಗೆ ತಿಳಿಯಲಿಲ್ಲ. ಆದರೂ, "ಚೆನ್ನಾಗಿದೆ, ಚೆನ್ನಾಗಿದೆ" ಅಂದರು. ಅವತ್ತು ಮನೆಗೆ ಹೋದಾಗ ಅತ್ತೆ ಕೇಳಿದರು, "ಅಷ್ಟೊತ್ತು ಅಲ್ಲಿ ಕೂತು ಏನು ಕೆಲಸಾನಮ್ಮ ಮಾಡ್ತೀಯ?"

"ಕೇಳಿದವರಿಗೆ ಉತ್ತರ ಕೊಡೋ ಕೆಲಸ ಅತ್ತೆ."

"ಅದಕ್ಕೆ ಕುವೆಂಪುನಗರಕ್ಕೆ ಯಾಕೆ ಹೋಗ್ಬೇಕು? ನಾನು ಕೇಳಿದ್ದಕ್ಕೇ ಉತ್ತರ ಕೊಡಲ್ಲ ನೀನು."

ಮಳೆ ಜೋರು ಹಿಡಿಯುವ ಹೊತ್ತಿಗೆ ಕೇಂದ್ರದಲ್ಲಿ ಪ್ರಯೋಗಕ್ಕೆಂದು ಶುರು ಮಾಡಿದೆವು. ಸರ್ವರ್ ಈಗ ನಮ್ಮ ಕೋಣೆಯಲ್ಲಿರಲಿಲ್ಲ. ದೊಡ್ಡ ಕಂಪ್ಯೂಟರುಗಳಿರುವ ಕಡೆ ಬಾಡಿಗೆಗೆ ಜಾಗ ತೆಗೆದುಕೊಂಡಿದ್ದೆವು. ನಾವು ಕೂತಲ್ಲಿಂದ, ಬರುವ ಒಂದೊಂದು ಕೋರಿಕೆಯನ್ನೂ ಹೋಗುವ ಒಂದೊಂದು ಉತ್ತರವನ್ನೂ ಪರದೆಯ ಮೇಲೆ ಸಾಲುಸಾಲಾಗಿ ನೋಡಬಹುದಿತ್ತು. ಆ ಸಾಲುಗಳು ಮೇಲೇರುವುದನ್ನು ನೋಡುವ ಹುಚ್ಚು ನನಗೆ ಎಷ್ಟು ಹಿಡಿಯಿತೆಂದರೆ ಊಟದ ಡಬ್ಬಿ ತೆಗೆಯುವುದೂ ಮರೆಯುತ್ತಿತ್ತು. ಯಾರೋ ವರುಣಾ ಕಡೆಯಿಂದ ಕೇಳಿದರು, ಉತ್ತರ ಹೋಯಿತು. ಯಾರೋ ಬನ್ನೂರಿನಿಂದ ಕೇಳಿದರು, ಉತ್ತರ ಹೋಯಿತು. ಮುಖ ನೋಡದ ಅವರೆಲ್ಲ ನನ್ನ ಮನೆಗೇ ಬಂದು ಹೋದ ಹಾಗೆ ಅನ್ನಿಸುತ್ತಿತ್ತು.

ಆ ಖುಷಿಯ ನಡುವೆ ಒಂದು ಗುರುವಾರ ಬೆಳಿಗ್ಗೆ ಲೀಲಾ ಸಿಸ್ಟರ್ ಫೋನ್ ಮಾಡಿದರು. ದನಿಯಲ್ಲಿ ಬೆಂಕಿ. "ಇಲ್ಲಿಗೆ ಬನ್ನಿ. ಈಗಲೇ ಬನ್ನಿ."

ನಜ್ನೀನಳ ಸ್ಕೂಟರಿನಲ್ಲಿ ಇಬ್ಬರೂ ಹೊರಟೆವು. ಕೇಂದ್ರದ ಒಳಗೆ ಬೆಂಚಿನ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಕಾಲು ಊದಿ ಕಂಬವಾಗಿತ್ತು, ಬಾಯಲ್ಲಿ ಉಸಿರೆಳೆಯುತ್ತಿದ್ದರು. ಅವರ ಹೆಂಡತಿ ಪಕ್ಕದಲ್ಲಿ ನಿಂತು ಸೆರಗಿನಿಂದ ಗಾಳಿ ಬೀಸುತ್ತಿದ್ದರು. ಕಪಿಲಾ ಹೊಳೆಯ ಆಚೆ ದಡದ ಹಳ್ಳಿಯ ಸಿದ್ದೇಗೌಡರು ಮತ್ತು ಕೆಂಪಮ್ಮ. ಮಂಗಳವಾರ ಅವರ ಸರದಿ ಇತ್ತು. ಹೊಳೆ ತುಂಬಿ ಸೇತುವೆ ಮೇಲೆ ನೀರು ಬಂದದ್ದರಿಂದ ಬರಲಾಗಲಿಲ್ಲ. ಗುಂಡಿ ಒತ್ತಿ ತಿಳಿಸಿದ್ದರು. ನೀರಿಳಿದ ಮೇಲೆ ಗುರುವಾರದ ಸರದಿಗೆ ಬಂದರೆ, ಆ ಸರದಿಯೂ ಬೇರೆಯವರಿಗೆ ಹೋಗಿಬಿಟ್ಟಿತ್ತು. ಶನಿವಾರದ್ದೂ ಹೋಗಿತ್ತು.

ಗುರುವಾರದ ಆ ಸರದಿ ಸಿಕ್ಕಿದ್ದು ಉದಯಗಿರಿಯದೇ ಮೆಕ್ಯಾನಿಕ್ ಒಬ್ಬರಿಗೆ. ಸೂಜಿ ಹಾಕಿಸಿಕೊಳ್ಳಲು ತೋಳು ಚಾಚಿ ಮಲಗಿದ್ದವರು ಎದ್ದು ಕೂತರು. "ಸಿಸ್ಟರ್, ಮೊದ್ಲು ಯಜಮಾನ್ರಿಗೆ ಹಾಕಿ. ನಂಗೆ ಸಂಜೆ ಕೊಟ್ರೂ ನಡೀತದೆ, ಮನೆ ಇಲ್ಲೇ ಅಲ್ವಾ" ಅಂದರು. ಸಿದ್ದೇಗೌಡರನ್ನು ಅವರ ಜಾಗದಲ್ಲಿ ಮಲಗಿಸಿ ಯಂತ್ರ ಚಾಲೂ ಮಾಡಿದಾಗಲೇ ನಮ್ಮೆಲ್ಲರ ಉಸಿರು ಸರಾಗವಾದದ್ದು.

ಟ್ರಸ್ಟಿನ ಕಾರ್ಯದರ್ಶಿಗಳೂ ಅಷ್ಟರಲ್ಲಿ ಬಂದರು. ಪರದೆ ನೋಡಿ, "ಇವರೇ ಮೂರು ಸಲ ಬೇಡ ಅಂತ ಒತ್ತಿದ್ದಾರೆ. ಹಳ್ಳಿಯವರ ಕೈಗೆ ಇಂಥದ್ದೆಲ್ಲ ಕೊಟ್ರೆ ಹಿಂಗೇ ಆಗೋದು. ನಿಲ್ಸಿ ಇದನ್ನ" ಅಂದರು.

ಕೆಂಪಮ್ಮನ ಮುಖ ಸಣ್ಣಗಾಯಿತು. ನನಗೆ ಕಾರ್ಯದರ್ಶಿಗಳ ಮಾತು ಹಿಡಿಸಲಿಲ್ಲ. ಗಂಡನ ಪ್ರಾಣ ಆ ಯಂತ್ರದಲ್ಲಿದೆ ಅಂತ ಗೊತ್ತಿರುವ ಹೆಂಗಸು ಮೂರು ಸರದಿ ಬೇಡ ಅನ್ನುತ್ತಾಳೆಯೇ? ಅವರ ಪಕ್ಕ ಕೂತು, "ಅಮ್ಮ, ಅವತ್ತು ಹೆಂಗೆ ಒತ್ತಿದ್ರಿ ನಂಗೊಂದ್ಸಲ ಹೇಳ್ತೀರಾ?" ಅಂದೆ.

"ಅಯ್ಯೋ, ಏನು ಯೋಳಾದವ್ವ," ಅಂದರು ಅವರು. "ಮಳೆ ಉಯ್ತಿತ್ತು. ಈ ಗುಂಡಿ ಒತ್ತುಬುಟ್ಟೆ. ಅದು ಗಿರಗಿರ್ನೆ ಸುತ್ತುತ್ತಾ ಕುಂತ್ಕತು. ಉತ್ರಾನೇ ಬರ್ಲಿಲ್ಲ. ನಾ ಒತ್ತುದ್ದು ನಿಮ್ಗೆ ತಲುಪ್ತೋ ಇಲ್ವೋ ಅಂತ ಹಟ್ಟಿ ಮುಂದಕ್ಕೆ ಬಂದು ಇನ್ನೊಂದ್ಸಾರಿ ಒತ್ತುದೆ. ಆಗ್ಲೂ ಬರ್ಲಿಲ್ಲ. ಜಗಲಿ ಮ್ಯಾಕೆ ಅತ್ತಿ ಮತ್ತೊಂದ್ಸಾರಿ ಒತ್ತುದೆ. ನೀವು ಕಾಯ್ತಾ ಕುಂತಿರ್ತೀರಲ್ಲ, ಮಿಸಿನ್ನು ಸುಮ್ನೆ ನಿಂತೋಗ್ಬಾರ್ದು ಅಂತ ಕಣವ್ವ."

ನಜ್ನೀನ್ ಕಡೆ ತಿರುಗಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು. ಕೋರಿಕೆ ಮೂರು ಸಲವೂ ನಮಗೆ ತಲುಪಿತ್ತು. ನಮ್ಮ ಉತ್ತರ ಒಂದು ಸಲವೂ ಅವರಿಗೆ ತಲುಪಿರಲಿಲ್ಲ!

"ರದ್ದು ಮಾಡೋ ಭಾಗ ಯಾವುದು? ಹಳೇದಾ?" ಕೇಳಿದೆ.

"ಹಳೇದೇ ಅಕ್ಕ. ಚೆನ್ನಾಗಿ ನಡೀತಿದೆ ಅಂತ ಹಂಗೇ ಬಿಟ್ಟಿದ್ವಿ."

ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದೆವು. ಅದರಲ್ಲಿ ಬರೆದಿದ್ದದ್ದು ಇಷ್ಟು: ಬರೋಕಾಗಲ್ಲ ಅಂತ ಕೋರಿಕೆ ಬಂದರೆ, ಆ ರೋಗಿಯ ಮುಂದಿನ ಸರದಿ ತೆಗೆದುಹಾಕು. ಮೊದಲ ಸಲ ಒತ್ತಿದಾಗ ಮುಂದಿನ ಸರದಿ ಅಂದರೆ ಮಂಗಳವಾರ. ಅದು ಹೋದ ಮೇಲೆ ಮುಂದಿನದು ಗುರುವಾರ. ಅದೂ ಹೋದ ಮೇಲೆ ಶನಿವಾರ. ಕೆಂಪಮ್ಮ ಹೇಳಿದ್ದು ಒಂದೇ ಮಾತು. ಸರ್ವರ್ ಅದನ್ನು ಮೂರು ಬೇರೆ ಬೇರೆ ಮಾತು ಅಂದುಕೊಂಡಿತ್ತು.

ಕಾರ್ಯದರ್ಶಿಗಳಿಗೆ ನಾನೇ ವಿವರಿಸಿದೆ. ಅಲ್ಲಿಯವರೆಗೆ ಯಾರೆದುರೂ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದವಳಲ್ಲ. "ಸರ್, ಅಮ್ಮನವರು ಮಾಡಿದ್ದೇ ಸರಿ. ಉತ್ತರ ಬರದಿದ್ದರೆ ಯಾರಾದ್ರೂ ಮತ್ತೆ ಕೇಳ್ತಾರೆ. ನೀವೂ ಕೇಳ್ತೀರ, ನಾನೂ ಕೇಳ್ತೀನಿ. ಅದನ್ನ ಅರ್ಥ ಮಾಡ್ಕೋಬೇಕಾದ್ದು ನಮ್ಮ ಪ್ರೋಗ್ರಾಮು. ಒಂದು ವಾರ ಕೊಡಿ, ಸರಿ ಮಾಡಿ ತರ್ತೀವಿ."

ಅವರು ಒಪ್ಪದೆ ತಲೆ ಅಲ್ಲಾಡಿಸಿದರು. ಆಗ ಲೀಲಾ ಸಿಸ್ಟರ್ ಮಧ್ಯೆ ಬಂದರು. "ಸಾರ್, ದಿನಾ ಇಲ್ಲಿ ಜನಕ್ಕೆ ಉತ್ತರ ಹೇಳೋಳು ನಾನು. ಸುಮ್ನೆ ಇದ್ದ ಯಂತ್ರಗಳು ಈ ಹದಿನೈದು ದಿನದಲ್ಲಿ ತುಂಬಿದ್ದನ್ನ ಕಣ್ಣಾರೆ ನೋಡಿದ್ದೀನಿ. ಅಲ್ಲಿವರ್ಗೂ ರದ್ದು ಮಾಡೋದನ್ನ ನಾನೇ ಕೈಯಲ್ಲಿ ಮಾಡ್ತೀನಿ. ಗೌಡ್ರ ಶನಿವಾರದ್ದನ್ನೂ ವಾಪಸ್ ಹಾಕ್ತೀನಿ. ಇವ್ರಿಗೊಂದು ವಾರ ಕೊಡಿ."

ಆ ಒಂದು ವಾರ! ಅಂಥ ವಾರ ನನ್ನ ಜೀವನದಲ್ಲಿ ಮತ್ತೆ ಬಂದಿಲ್ಲ. ರದ್ದತಿಯ ಭಾಗವನ್ನು ಪೂರ್ತಿ ಕಿತ್ತುಹಾಕಿ ಹೊಸದಾಗಿ ಬರೆದೆವು. ಈಗ ಫೋನಿನಿಂದ ಬರುವ ಕೋರಿಕೆ "ಮುಂದಿನದು" ಅನ್ನುವಂತಿರಲಿಲ್ಲ, ಯಾವ ದಿನದ ಸರದಿ ಅಂತ ಹೆಸರಿಟ್ಟು ಹೇಳಬೇಕಿತ್ತು. ಜೊತೆಗೆ ಪ್ರತಿ ಕೋರಿಕೆಗೂ ಫೋನು ತಾನೇ ಒಂದು ಗುರುತು ಅಂಟಿಸುತ್ತಿತ್ತು. ಉತ್ತರ ಸಿಗದೆ ಮತ್ತೆ ಒತ್ತಿದರೆ ಅದೇ ಗುರುತು ಬರುತ್ತಿತ್ತು. ಆ ಗುರುತು ಮೊದಲೇ ಬಂದಿದ್ದರೆ ಸರ್ವರ್ ಕೆಲಸವನ್ನು ಮತ್ತೆ ಮಾಡದೆ, ಮೊದಲು ಕೊಟ್ಟ ಉತ್ತರವನ್ನೇ ಮತ್ತೆ ಕಳಿಸಬೇಕು.

ಇನ್ನೊಂದು ತೊಂದರೆ ಕಂಡುಹಿಡಿದವಳು ನಜ್ನೀನ್. ಹಳೆಯ ಪ್ರೋಗ್ರಾಮು ರದ್ದು ಮಾಡಿ, ಕಾಯುವವರನ್ನು ಹುಡುಕಿ, ಅವರಿಗೆಲ್ಲ ಸಂದೇಶ ಕಳಿಸಿ, ಎಲ್ಲ ಮುಗಿದ ಮೇಲೆ ಕೇಳಿದವರಿಗೆ ಉತ್ತರ ಕೊಡುತ್ತಿತ್ತು. ಅಷ್ಟು ಹೊತ್ತಿಗೆ ಹಳ್ಳಿಯ ಕಡೆ ಸಿಗ್ನಲ್ ಹೋಗಿರುತ್ತಿತ್ತು. "ಮೊದ್ಲು ರದ್ದಾಯ್ತು ಅಂತ ಬರೆದಿಟ್ಕೊಂಡು, ತಕ್ಷಣ ಉತ್ತರ ಕೊಟ್ಬಿಡೋಣ ಅಕ್ಕ. ಮಿಕ್ಕಿದ್ದನ್ನ ಹಿಂದೆ ನಿಧಾನಕ್ಕೆ ಮಾಡ್ಕೊಳ್ಳೋಣ."

ಪರೀಕ್ಷೆ ಮಾಡಲು ಸಿಗ್ನಲ್ ಇಲ್ಲದ ಜಾಗ ಬೇಕಿತ್ತು. ಬೇಕರಿಯ ಹಿಂಬದಿ ಮಂಜಣ್ಣನವರು ಮೈದಾ ಮೂಟೆ ಜೋಡಿಸಿಟ್ಟ ಕೋಣೆ ನೆನಪಾಯಿತು. ಅಲ್ಲಿ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ಮೂಟೆಗಳ ನಡುವೆ ನಿಂತು ನಾನು ಗುಂಡಿ ಒತ್ತುವುದು, ಒತ್ತಿದೆ ಅಂತ ಕೂಗುವುದು. ಮೇಲಿನಿಂದ ನಜ್ನೀನ್, ಬಂತು ಅಂತಲೋ ಬರಲಿಲ್ಲ ಅಂತಲೋ ಕೂಗುವುದು. ರುದ್ರೇಶ್ ಸರ್ ಮೆಟ್ಟಿಲ ನಡುವೆ ನಿಂತು ನಮ್ಮಿಬ್ಬರ ಕೂಗನ್ನು ಅತ್ತಿಂದಿತ್ತ ದಾಟಿಸುತ್ತಿದ್ದರು. ಮೈತುಂಬ ಮೈದಾ ಮೆತ್ತಿಕೊಂಡು ನಾನು ಮತ್ತೆ ಮತ್ತೆ ಒತ್ತಿದೆ. ಮೇಲೆ ಹೋಗಿ ನೋಡಿದರೆ ಪರದೆಯ ಮೇಲೆ ಸಾಲುಗಟ್ಟಲೆ ಕೋರಿಕೆ, ಎಲ್ಲದರಲ್ಲೂ ಅದೇ ಗುರುತು. ರದ್ದಾಗಿದ್ದದ್ದು ಒಂದೇ ಸರದಿ. ನಾನು ನಜ್ನೀನಳನ್ನು ಹಿಡಿದು ಕುಣಿದುಬಿಟ್ಟೆ. ಅವಳ ಕಪ್ಪು ದುಪಟ್ಟಾದ ತುಂಬ ನನ್ನ ಬಿಳಿ ಕೈಗುರುತು.

ಕಾರ್ಯದರ್ಶಿಗಳು ಒಪ್ಪಿ ಅದನ್ನು ಚಾಲೂ ಮಾಡಿದ ಎರಡೇ ದಿನಕ್ಕೆ ನಿಜವಾದ ಪರೀಕ್ಷೆ ಬಂತು. ಶನಿವಾರ ಬೆಳಗಾಗುವುದರೊಳಗೆ ಕಪಿಲೆ ಮತ್ತೆ ತುಂಬಿ ಹರಿದಳು. ಸೇತುವೆ ಮುಳುಗಿತು, ಹೊಳೆ ಆಚೆಯ ಊರುಗಳಿಗೆ ಬಸ್ಸು ನಿಂತಿತು. ನಾನು ಆಫೀಸಿಗೆ ಬರುವ ಹೊತ್ತಿಗೆ ಪರದೆಯ ಮೇಲೆ ಸಾಲುಗಳು ಓಡುತ್ತಿದ್ದವು. ಬರೋಕಾಗಲ್ಲ, ಬರೋಕಾಗಲ್ಲ, ನನ್ನ ಸರದಿ ಎಷ್ಟೊತ್ತಿಗೆ, ಬರೋಕಾಗಲ್ಲ. ಸಿಗ್ನಲ್ ಇಲ್ಲದ ಕಡೆಯಿಂದ ಒಂದೊಂದೂ ಹಲವು ಸಲ ಬರುತ್ತಿತ್ತು. ಬರೋಕಾಗಲ್ಲ ಅಂದ ಪ್ರತಿಯೊಬ್ಬರಿಗೂ ಅವರವರ ಹೊಸ ಹೊತ್ತು ಸೇರಿಸಿ ಉತ್ತರ ಹೋಗುತ್ತಿತ್ತು: "ಇವತ್ತಿನ ಸರದಿ ರದ್ದಾಗಿದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಬನ್ನಿ. ಉಳಿದ ಸರದಿಗಳು ಹಾಗೆಯೇ ಇವೆ." ಕೊನೆಯ ಆ ವಾಕ್ಯ ನಾನು ಸೇರಿಸಿದ್ದು. ಭಾನುವಾರವೂ ಕೇಂದ್ರ ತೆರೆಯುವುದೆಂದು ಲೀಲಾ ಸಿಸ್ಟರ್ ಬೆಳಿಗ್ಗೆಯೇ ತೀರ್ಮಾನಿಸಿದ್ದರು.

"ಅಕ್ಕ, ನೋಡಿಲ್ಲಿ!" ನಜ್ನೀನ್ ಬೆರಳು ತೋರಿಸಿದಳು. ಸಿದ್ದೇಗೌಡರ ಹೆಸರು. ಒಂದರ ಕೆಳಗೆ ಒಂದು, ಅದೇ ಗುರುತಿನ ಕೋರಿಕೆಗಳು. ಪಾಪ, ಕೆಂಪಮ್ಮ ಹಟ್ಟಿ ಮುಂದೆ, ಜಗಲಿ ಮೇಲೆ ಓಡಾಡುತ್ತಿರಬೇಕು. ಕೊನೆಯ ಕೋರಿಕೆಯ ಉತ್ತರದ ಮುಂದೆ, ತಲುಪಿದೆ ಅನ್ನುವ ಗುರುತು ಬಿತ್ತು. ಶನಿವಾರದ ಸರದಿ ಮಾತ್ರ ಹೋಗಿತ್ತು. ನಾಳೆ ಎಂಟು ಗಂಟೆಯ ಜಾಗದಲ್ಲಿ ಅವರ ಹೆಸರು ಕೂತಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಕೀಂಗುಟ್ಟಿ ಅದೂ ನಿಂತಿತು. ಸರ್ವರ್ ಬೇರೆಲ್ಲೋ ಇದೆ, ನಮ್ಮ ಕೋಣೆ ಕತ್ತಲಾದರೆ ಅದಕ್ಕೇನೂ ಆಗುವುದಿಲ್ಲ ಅಂತ ಇಬ್ಬರಿಗೂ ಗೊತ್ತು. ಆದರೂ ಪರದೆ ಕಪ್ಪಾಗಿದ್ದನ್ನು ನೋಡಿಕೊಂಡು ಕೂರಲಾಗಲಿಲ್ಲ. "ನಡಿ ಅಕ್ಕ, ಹೋಗಿ ಕಣ್ಣಲ್ಲೇ ನೋಡೋಣ" ಅಂದಳು. ಒಂದೇ ರೈನ್‌ಕೋಟು ಇದ್ದದ್ದು. ಅದನ್ನು ಲ್ಯಾಪ್‌ಟಾಪಿಗೆ ಸುತ್ತಿ, ನಾವಿಬ್ಬರೂ ತೊಪ್ಪೆಯಾಗಿ ನೆನೆದುಕೊಂಡು ಊರಿನ ಈ ತುದಿಯಿಂದ ಆ ತುದಿಗೆ ಹೋದೆವು.

ಕೇಂದ್ರದ ಬಾಗಿಲು ತಳ್ಳಿದರೆ ಒಳಗೆ ಎಲ್ಲ ಯಂತ್ರಗಳೂ ನಡೆಯುತ್ತಿದ್ದವು. ಹೊಳೆ ಆಚೆಯವರು ಬಿಟ್ಟುಕೊಟ್ಟ ಹೊತ್ತಿಗೆ ನಗರದೊಳಗಿನವರು ಬಂದು ಮಲಗಿದ್ದರು. ಸೋಮವಾರ ಬರಬೇಕಿದ್ದ ಮೆಕ್ಯಾನಿಕ್ಕರೂ ಇವತ್ತೇ ಬಂದಿದ್ದರು. "ಮೆಸೇಜು ಬಂತು, ಬಂದ್ಬುಟ್ಟೆ" ಅಂತ ಕೈ ಎತ್ತಿದರು. ಯಾರೂ ಬೆಂಚಿನ ಮೇಲೆ ಕಾಯುತ್ತಿರಲಿಲ್ಲ. ಲೀಲಾ ಸಿಸ್ಟರ್ ನಮ್ಮ ತಲೆ ಒರೆಸಲು ಟವೆಲ್ ತಂದುಕೊಟ್ಟು, "ಮಧ್ಯಾಹ್ನದ ಊಟ ಮಧ್ಯಾಹ್ನವೇ ಮಾಡಿದೆ ಕಣ್ರಮ್ಮ ಇವತ್ತು" ಅಂದರು. ನಜ್ನೀನ್ ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೆ ಅಂದುಕೊಂಡೆ. ಅಳುತ್ತಿದ್ದಳು.

ಮರುದಿನ ಭಾನುವಾರ ಆಫೀಸಿಗೆ ರಜೆ. ಆದರೆ ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ಸೀದಾ ಕೇಂದ್ರಕ್ಕೆ ಹೋದೆ. ನೀರು ಇಳಿದಿರಲಿಲ್ಲವಂತೆ, ಸಿದ್ದೇಗೌಡರೂ ಕೆಂಪಮ್ಮನೂ ಬೇರೆ ದಾರಿಯಲ್ಲಿ ಸುತ್ತಿ ಬಳಸಿ, ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದರು. ಗೌಡರು ಯಂತ್ರದ ಪಕ್ಕ ಕಣ್ಣು ಮುಚ್ಚಿ ಮಲಗಿದ್ದರು, ಉಸಿರು ಸಲೀಸಾಗಿತ್ತು. ಕೆಂಪಮ್ಮ ನನ್ನನ್ನು ಕಂಡದ್ದೇ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಆ ಉತ್ರ ಕಳ್ಸುದೋಳು ನೀನೇನವ್ವ?"

"ನಾನಲ್ಲಮ್ಮ, ಕಂಪ್ಯೂಟರ್ ಕಳಿಸತ್ತೆ."

"ಅದ್ಕೆ ಇಂಗೇ ಯೋಳು ಅಂತ ಕಲ್ಸುದೋರು ಯಾರು?"

ಕೆಲಸಕ್ಕೆ ಸೇರಿದಾಗಿನಿಂದ ಹೊರಗಿನವರು ಯಾರು ಕೇಳಿದರೂ, ಅಲ್ಲೇನೋ ಸಣ್ಣಪುಟ್ಟದ್ದು ಮಾಡ್ತೀನಿ ಅನ್ನುತ್ತಿದ್ದೆ. "ನಾನು," ಅಂದೆ. "ನಾನು, ನಜ್ನೀನ್ ಇಬ್ಬರೂ ಕಲಿಸಿದ್ದು."

"ಅಂಗಾದ್ರೆ ಒಂದು ಕೆಲ್ಸ ಮಾಡು." ಕೆಂಪಮ್ಮ ಸೊಂಟದಿಂದ ಫೋನ್ ತೆಗೆದು ನನ್ನ ಮುಖದ ಮುಂದೆ ಹಿಡಿದರು. "ಉತ್ರ ಏನೋ ಬತ್ತದೆ, ಸರಿ. ಆದ್ರೆ ಬಾಳ ಸಣ್ಣಕ್ಷರ. ನಂಗೆ ಕಾಣಾಕಿಲ್ಲ, ಪಕ್ಕದ ಹಟ್ಟಿಗೋಗಿ ಓದುಸ್ಬೇಕು. ವಸಿ ದಪ್ಪಕ್ಕೆ ಬರ್ಯಕಾಯ್ತದಾ ನೋಡು."

ಶಾಪ ಹಾಕಬಹುದಿತ್ತು ಆಕೆ. ಫೋನನ್ನು ಹೊಳೆಗೆ ಎಸೆದು, ನಿಮ್ಮ ಸಹವಾಸ ಸಾಕು ಅನ್ನಬಹುದಿತ್ತು. ಅದು ಬಿಟ್ಟು, ನಾಳೆಯೂ ನಾಡಿದ್ದೂ ಬಳಸುವ ಸಾಮಾನಿನ ಹಾಗೆ ಅದಕ್ಕೊಂದು ತಿದ್ದುಪಡಿ ಕೇಳುತ್ತಿದ್ದರು.

"ಆಯ್ತಮ್ಮ, ಸೋಮವಾರ ಮಾಡಿಕೊಡ್ತೀನಿ" ಅಂದೆ.

"ಸ್ವಾಮಾರ ಯಾಕೆ? ಚೀಲ್ದಾಗೆ ಮಡಿಕಂಡಿದ್ದೀಯಲ್ಲ, ಅದು ಅದೇ ಅಲ್ವಾ?"

ನಾನು ಜೋರಾಗಿ ನಕ್ಕುಬಿಟ್ಟೆ. ಗೌಡರು ಕಣ್ಣು ಬಿಟ್ಟು ನೋಡಿದರು. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಕೆಂಪಮ್ಮ ನನ್ನ ಭುಜದ ಮೇಲಿಂದ ಬಗ್ಗಿ, ಇಷ್ಟು ಸಾಕಾ ಅಂದರೆ ಇನ್ನೂ ವಸಿ, ಇನ್ನೂ ವಸಿ ಅನ್ನುತ್ತ, ಪರದೆಯ ಮೇಲೆ ಅಕ್ಷರ ಬೆಳೆಯುವುದನ್ನು ನೋಡುತ್ತ ಕೂತರು.